ಎರಡು ತಾಸಿಗೊಂದು ಮಗ್ಗುಲು

ಸಿಸ್ಟರ್ ತುಳಸಾಬಾಯಿ ಮೊದಲು ನೋಡಿದ್ದು ಕಸ್ತೂರೆವ್ವನ ಹಿಮ್ಮಡಿಗಳನ್ನು. ಹೊದಿಕೆಯನ್ನು ಕಾಲ ಕಡೆಯಿಂದ ಎತ್ತಿ, ಎರಡೂ ಹಿಮ್ಮಡಿಗಳನ್ನು ಅಂಗೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಆಮೇಲೆ ಸೊಂಟದ ಎಲುಬುಗಳು, ಮೊಣಕೈ, ಕಿವಿಯ ಹಿಂಭಾಗ. ಕೊನೆಗೆ ಸೊಸೆ ಸುಮಿತ್ರವ್ವನಿಗೆ, "ಸ್ವಲ್ಪ ಹಿಡೀರಿ," ಎಂದು ಮುದುಕಿಯನ್ನು ಪಕ್ಕಕ್ಕೆ ಹೊರಳಿಸಿ ಬೆನ್ನಿನ ತುದಿಯನ್ನು ನೋಡಿದಳು.

"ಎಲ್ಲಾ ಸ್ವಚ್ಛ ಅದ. ಹೆಂಗ ಬಂದಾರ ಹಂಗ ಹೋಗಬೇಕು. ತಲ್ಯಾಗಿಂದು ಡಾಕ್ಟರ್ ನೋಡ್ತಾರ. ಚರ್ಮ ಮಾತ್ರ ನಂದು ನಿಮ್ದು."

ಅದು ಹತ್ತೊಂಬತ್ತುನೂರ ಐವತ್ತಾರರ ಅಕ್ಟೋಬರ್ ತಿಂಗಳು, ದೀಪಾವಳಿಗೆ ಇನ್ನೂ ಹದಿನೈದು ದಿನ. ಮುಂಡರಗಿಯ ಎಲೆ ವ್ಯಾಪಾರದ ಮನೆಯಲ್ಲಿ ಬೆಳಿಗ್ಗೆ ವೀಳ್ಯದೆಲೆಯ ಬುಟ್ಟಿ ಬಿಚ್ಚುತ್ತ ಕೂತಿದ್ದ ಕಸ್ತೂರೆವ್ವ ಹಾಗೆಯೇ ಬಲಕ್ಕೆ ವಾಲಿ ಬಿದ್ದಿದ್ದಳು. ಎಪ್ಪತ್ತೊಂದು ವರ್ಷದ ಜೀವ. ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಕಣ್ಣು ತೆರೆದರೂ ಯಾರ ಗುರುತೂ ಹತ್ತುತ್ತಿರಲಿಲ್ಲ. ಮಗ ಅಂದಪ್ಪ ಹತ್ತಿ ಸಾಗಿಸುವ ಲಾರಿಯಲ್ಲಿ ಹಾಸಿಗೆ ಹಾಸಿ ಅವ್ವನನ್ನು ಗದಗಿನ ದವಾಖಾನೆಗೆ ತಂದಿದ್ದ. ಕಬ್ಬಿಣದ ನಾಲ್ಕು ಮಂಚಗಳಿದ್ದ ಆ ಕೋಣೆಯಲ್ಲಿ ಬದುಕುವ ಖಾತ್ರಿಯಿಲ್ಲದವರನ್ನು ಇಡುತ್ತಿದ್ದರು. ಎಲ್ಲರೂ ಅದನ್ನು ಸೀರಿಯಸ್ ಖೋಲಿ ಎಂದೇ ಕರೆಯುತ್ತಿದ್ದರು.

"ಬಾಯಾರ, ಉಳೀತಾಳೇನ್ರಿ ನಮ್ಮವ್ವ?" ಅಂದಪ್ಪ ಕೇಳಿದ.

"ಅದು ನನಗ ಹೇಳ್ಲಿಕ್ಕಾಗಂಗಿಲ್ರಿ. ಆದ್ರ ಈ ಖೋಲ್ಯಾಗ ಎಷ್ಟೋ ಮಂದಿ ಜಡ್ಡು ಗೆದ್ದು, ಬೆನ್ನಿನ ಹುಣ್ಣಿಗೆ ಸೋತು ಹೋಗ್ಯಾರ. ಬಿದ್ದಲ್ಲೇ ಬಿದ್ದರ ಒಳಗಿಂದ ಎಲಬು ಒತ್ತತದ, ಹೊರಗಿಂದ ಹಾಸಿಗಿ ಒತ್ತತದ. ನಡಕಿನ ಚರ್ಮ ಸಾಯತದ. ಹುಣ್ಣಾತು, ಜ್ವರ ಬಂತು, ಮುಗೀತು. ಎರಡು ತಾಸಿಗೊಮ್ಮೆ ಮಗ್ಗಲಾ ಬದಲಿಸಬೇಕು, ಹಗಲೂ ರಾತ್ರಿನೂ. ನಾಕು ಮಂಚ ಅವ, ನನಗ ಎರಡು ಕೈ. ಮನಿಯವರು ಕಲೀಬೇಕು."

ಅಂದಪ್ಪ ಹೆಂಡತಿಯ ಮುಖ ನೋಡಿದ. ವರ್ಷದ ಎಲೆ ವ್ಯಾಪಾರವೆಲ್ಲ ಒಟ್ಟಿಗೆ ಬರುವ ಹದಿನೈದು ದಿನಗಳು ಇವೇ. ಸುಮಿತ್ರವ್ವ, "ನೀವು ಹೋಗ್ರಿ, ನಾ ಇರ್ತೀನಿ," ಎಂದಳು.

ತುಳಸಾಬಾಯಿ ತೋರಿಸಿಕೊಟ್ಟಳು. ರೋಗಿಯ ಒಂದು ಮೊಣಕಾಲನ್ನು ಮಡಿಸಬೇಕು. ಒಂದು ಕೈ ಭುಜದಡಿ, ಇನ್ನೊಂದು ಸೊಂಟದಡಿ. ಎಳೆಯಬಾರದು, ಎತ್ತಿ ಹೊರಳಿಸಬೇಕು. ಎಳೆದರೆ ಚರ್ಮ ಹಾಸಿಗೆಗೆ ಹತ್ತಿಕೊಂಡು ಒಳಗೆ ಹರಿಯುತ್ತದೆ, ಹೊರಗೆ ಕಾಣುವುದೇ ಇಲ್ಲ. ಮೊಣಕಾಲುಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಗಾಳಿಯಲ್ಲಿ ನಿಲ್ಲುವ ಹಾಗೆ.

"ಈಗ ನೀವು ಮಾಡ್ರಿ."

ಸುಮಿತ್ರವ್ವ ಅಂಗೈಗಳನ್ನು ಮೇಲ್ಮುಖವಾಗಿಟ್ಟುಕೊಂಡು ಅತ್ತೆಯ ಕೆಳಗೆ ಮೆಲ್ಲಗೆ ನುಗ್ಗಿಸಿದಳು. ಭಾರ ಪೂರ್ತಿ ಕೈಗೆ ಬಂದ ಮೇಲೆ ಒಂದು ಕ್ಷಣ ತಡೆದು ಹೊರಳಿಸಿದಳು. ಹಾಸಿಗೆಯ ಮೇಲೆ ಒಂದು ಸುಕ್ಕೂ ಬೀಳಲಿಲ್ಲ.

ತುಳಸಾಬಾಯಿ ಹುಬ್ಬೇರಿಸಿದಳು. "ಎಲ್ಲೆ ಕಲತೀರಿದು? ಮೂರು ವರ್ಷ ಟ್ರೇನಿಂಗ್ ಆದವ್ರಿಗೂ ಬರಂಗಿಲ್ಲ."

"ಎಲಿ ಮಗಚಿ ಮಗಚಿ ಬಂದೈತ್ರಿ."

ಸವಣೂರಿನ ಕಡೆಯಿಂದ ಬರುವ ಎಲೆಬುಟ್ಟಿಗಳನ್ನು ಅವರ ಮನೆಯ ಹಿಂದಿನ ಕೋಣೆಯಲ್ಲಿ ತಣ್ಣಗಿಡುತ್ತಿದ್ದರು. ಮೇಲಿನ ಎಲೆಗಳ ಭಾರಕ್ಕೆ ಕೆಳಗಿನವು ಉಸಿರುಗಟ್ಟಿ ಕಪ್ಪಾಗುತ್ತವೆ. ಒಂದು ಕೊಳೆತರೆ ಪೆಂಡಿಯೇ ಹೋದಂತೆ. ಅದಕ್ಕೇ ದಿನಕ್ಕೆ ಹಲವು ಸಲ ಕೆಳಗಿನದನ್ನು ಮೇಲಕ್ಕೆ, ಮೇಲಿನದನ್ನು ಕೆಳಕ್ಕೆ ಮಾಡಬೇಕು. ಮದುವೆಯಾಗಿ ಬಂದ ವರ್ಷ ಸುಮಿತ್ರವ್ವ ಎಲೆಯನ್ನು ತೊಟ್ಟು ಹಿಡಿದು ಎಳೆದಿದ್ದಳು. ಕಸ್ತೂರೆವ್ವ ಆ ಎಲೆಯನ್ನು ಅವಳ ಕಣ್ಣೆದುರು ಹಿಡಿದು, "ಇದೇನು ಹಗ್ಗೇನಬೇ? ಕೈ ಕೆಳಗ ಹಾಕು!" ಎಂದಿದ್ದಳು. ಇಪ್ಪತ್ತಾರು ವರ್ಷಗಳಲ್ಲಿ ಅತ್ತೆ ಸೊಸೆಯರ ನಡುವಿನ ಮಾತು ಹೆಚ್ಚಾಗಿ ಎಲೆಯ ಸುತ್ತಲೇ ಇತ್ತು.

ಅತ್ತೆ ಕೆಟ್ಟವಳೇನಲ್ಲ. ಆದರೆ ಯಾರ ಕೈಯೂ ಬೇಡದವಳು. ಚಳಿಜ್ವರ ಬಂದಾಗಲೂ ತನ್ನ ನೀರು ತಾನೇ ಕಾಸಿಕೊಂಡಳು, ತಲೆ ತಾನೇ ಬಾಚಿಕೊಂಡಳು. ಕಾಲು ಒತ್ತಲು ಹೋದ ಸೊಸೆಯನ್ನು, "ನನ್ನ ಕಾಲು ನನಗ ಭಾರ ಆಗಿಲ್ಲ," ಎಂದು ಕಳಿಸಿಬಿಟ್ಟಿದ್ದಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಸುಮಿತ್ರವ್ವ ಈ ಬೆನ್ನನ್ನು ಕಂಡವಳಲ್ಲ. ಅದು ಇಷ್ಟು ಕಿರಿದಾಗಿದೆ, ಬೆಳ್ಳಗಿದೆ, ಎಡ ಭುಜದ ಕೆಳಗೆ ಒಂದು ಮಚ್ಚೆಯಿದೆ ಎಂಬುದು ಸೀರಿಯಸ್ ಖೋಲಿಯಲ್ಲಿ ಗೊತ್ತಾಯಿತು. ಕಣ್ಣು ತಪ್ಪಿಸುವಂತೆ ಆಯಿತು ಅವಳಿಗೆ. ಬಾಗಿಲು ತಟ್ಟದೆ ಒಳಗೆ ನುಗ್ಗಿದ ಹಾಗೆ.

ತುಳಸಾಬಾಯಿಗೆ ಅಂಥ ಅಳುಕು ಇರಲಿಲ್ಲ. ಆಕೆ ಲಕ್ಷ್ಮೇಶ್ವರದವಳು, ಗುಡಿಯ ಪೂಜೆಯ ಮನೆತನ. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು, ಇಪ್ಪತ್ತರಲ್ಲಿ ನರ್ಸಿಂಗ್ ಕಲಿಯಲು ಹೊರಟಾಗ ಅಣ್ಣ ಮಾತು ಬಿಟ್ಟಿದ್ದನಂತೆ. ಈಗ ನಲವತ್ತು. ಮೂರನೆಯ ಮಂಚದಲ್ಲಿದ್ದ ನೇಕಾರ ಅಜ್ಜನ ಮೈ ಒರೆಸುವಾಗಲೂ, ಪ್ರಜ್ಞೆಯಿಲ್ಲದ ಅವನಿಗೆ, "ಅಜ್ಜಾರ, ಈಗ ಎಡಕ್ಕ ಹೊಳ್ಳಸ್ತೀನ್ರಿ, ಹೆದರಬ್ಯಾಡ್ರಿ," ಎಂದು ಹೇಳಿಯೇ ಮುಟ್ಟುತ್ತಿದ್ದಳು. ಹಾಗೆ ಹೇಳಿ ಮುಟ್ಟಿದರೆ ನುಗ್ಗಿದಂತಾಗುವುದಿಲ್ಲ ಎಂದು ಸುಮಿತ್ರವ್ವ ಕಂಡುಕೊಂಡಳು. ಎರಡು ತಾಸಿಗೊಮ್ಮೆ ಪಡಸಾಲೆಯ ಗಡಿಯಾರ ನೋಡಿ ತುಳಸಾಬಾಯಿ, "ಮಗ್ಗಲಾ!" ಎಂದು ಕೂಗುವಳು. ಸುಮಿತ್ರವ್ವ ಬಗ್ಗಿ ಅತ್ತೆಯ ಕಿವಿಯಲ್ಲಿ, "ಅತ್ತಿ, ಬಲಕ್ಕ ಹೊಳ್ಳಸ್ತೀನಿ," ಎನ್ನುವಳು. ಇಪ್ಪತ್ತಾರು ವರ್ಷಗಳಲ್ಲಿ ಇಷ್ಟು ಹತ್ತಿರದಿಂದ ಮಾತಾಡಿದ್ದು ಇದೇ ಮೊದಲು.

ಮೂರನೆಯ ದಿನ ಸೆಕೆ ಹೆಚ್ಚಾಯಿತು. ಮಳೆ ನಿಂತ ಮೇಲೆ ಗದಗಿನಲ್ಲಿ ಬರುವ ಒತ್ತೊತ್ತಾದ ಸೆಕೆ. ಕಸ್ತೂರೆವ್ವನ ಬೆನ್ನು ಬೆವರುತ್ತಿತ್ತು. ತುಳಸಾಬಾಯಿ ಪಕ್ಕದ ಮಂಚದ ಹೊಸ ರೋಗಿಯ ಗಡಿಬಿಡಿಯಲ್ಲಿದ್ದಳು. ಸುಮಿತ್ರವ್ವ ಯೋಚಿಸಲೂ ಇಲ್ಲ. ಸೆಕೆಯ ದಿನ ಎಲೆಬುಟ್ಟಿಗೆ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಹಳೆಯ ಮೆತ್ತನೆಯ ಧೋತರವನ್ನು ನೀರಿನಲ್ಲಿ ಅದ್ದಿ, ಹಿಂಡಿ, ನಾಲ್ಕು ಪದರ ಮಡಿಸಿ ಅತ್ತೆಯ ಬೆನ್ನಡಿ ಹಾಸಿದಳು. ಒಣಗತೊಡಗಿದಾಗ ಮತ್ತೆ ನೀರು ಚಿಮುಕಿಸಿದಳು. ಸಂಜೆಯವರೆಗೂ, ಆಮೇಲೆ ರಾತ್ರಿಯೂ ಹಾಗೆಯೇ. ಅತ್ತೆಯ ಉಸಿರು ಶಾಂತವಾದಂತೆ ಕಂಡು ಅವಳಿಗೆ ಹೆಮ್ಮೆಯೂ ಆಯಿತು.

ಮರುದಿನ ಬೆಳಿಗ್ಗೆ ಬೆಳಕಿನಲ್ಲಿ ಹೊರಳಿಸಿದಾಗ ಬೆನ್ನಿನ ಚರ್ಮ ನೀರಲ್ಲಿ ನೆನೆದ ಬೆರಳಿನ ಹಾಗೆ ಬಿಳಿಚಿ ಸುಕ್ಕಾಗಿತ್ತು. ತುದಿಯ ಎಲುಬಿನ ಮೇಲೆ ಅಡಿಕೆಯಷ್ಟು ಅಗಲದ ಕೆಂಪು.

ತುಳಸಾಬಾಯಿ ಬಂದು ಹಸಿ ಧೋತರವನ್ನು ನೋಡಿದಳು, ಕೆಂಪನ್ನು ನೋಡಿದಳು. ಕೆಂಪಿನ ಮೇಲೆ ಬೆರಳೊತ್ತಿ ತೆಗೆದಳು. ಆಮೇಲೆ ಸುಮಿತ್ರವ್ವನ ಮುಂಗೈ ಹಿಡಿದು ಅದರ ಮೇಲೂ ಒತ್ತಿ ತೆಗೆದಳು.

"ನೋಡ್ರಿಲ್ಲೆ. ನಿಮ್ಮ ಕೈ ಒತ್ತಿದಲ್ಲೆ ಬೆಳ್ಳಗಾತು, ಮತ್ತ ರಕ್ತ ಬಂತು. ಅವರ್ದು ಬೆಳ್ಳಗಾಗವಲ್ದು. ಅಂದ್ರ ಅಲ್ಲೆ ರಕ್ತ ಓಡ್ಯಾಡವಲ್ದು. ಮ್ಯಾಲ ಚರ್ಮ ಅದ, ಕೆಳಗ ಹುಣ್ಣು ಹುಟ್ಲಿಕ್ಕೆ ಹತ್ತೇದ."

ಸುಮಿತ್ರವ್ವ ಆ ಕೆಂಪಿನ ಕಡೆ ಕೈ ಚಾಚಿದಳು. "ಎಣ್ಣಿ ಹಚ್ಚಿ ತಿಕ್ಕಲೇನ್ರಿ?"

"ಮುಟ್ಟಬ್ಯಾಡ್ರಿ! ನಾ ಕಲತ ಪುಸ್ತಕದಾಗ ತಿಕ್ಕು ಅಂತನ ಅದ. ತಿಕ್ಕಿದ ಕೆಂಪು ಒಡದು ಹುಣ್ಣಾಗಿದ್ದು ಕಣ್ಣಾರೆ ಕಂಡೀನಿ. ಪುಸ್ತಕ ಬರದವರು ಈ ಖೋಲ್ಯಾಗ ಇದ್ದಿಲ್ಲ." ಆಕೆ ಧೋತರವನ್ನು ಎಳೆದೆಸೆದಳು. "ಎಲಿಗೆ ನೀರು ಬೇಕು, ಖರೆ. ಚರ್ಮಕ್ಕ ಒಣಾ ಇರಬೇಕು. ಇಷ್ಟು ಶಾಣ್ಯಾ ಹೆಂಗಸು, ಒಂದು ಮಾತು ಕೇಳೂದಲ್ಲೇನ್ರಿ?"

"ತಪ್ಪಾತ್ರಿ."

"ಆತು ಅಂದ್ರ ಆತು. ಇನ್ನ ನಾಕೈದು ದಿನ ಆ ಜಾಗಾದ ಮ್ಯಾಲ ಒಂದು ಗಳಿಗಿನೂ ಭಾರ ಬೀಳಬಾರ್ದು. ಎಡಕ್ಕ, ಬಲಕ್ಕ, ಅಷ್ಟ. ಅಂಗಾತ ಮಲಗಸೂಹಂಗಿಲ್ಲ. ಒಡೀತು ಅಂದ್ರ ನನ್ನ ಕೈಯಾಗೂ ಇಲ್ಲ, ಡಾಕ್ಟರ ಕೈಯಾಗೂ ಇಲ್ಲ."

ಅದೇ ಮಧ್ಯಾಹ್ನ ಕಸ್ತೂರೆವ್ವನ ಮಗಳು ಶಂಕ್ರೆವ್ವ ಬೆಳ್ಳಟ್ಟಿಯಿಂದ ಬಂದಳು. ಬಾಗಿಲಲ್ಲೇ ದನಿ ತೆಗೆದು ಅತ್ತಳು. ಅವ್ವನ ಮೂಗಿಗೆ ಹಾಕಿದ್ದ ಹಾಲು ಕುಡಿಸುವ ನಳಿಗೆ ಕಂಡು ಮತ್ತೆ ಅತ್ತಳು. ಸುಮಿತ್ರವ್ವ ಮಗ್ಗುಲು ಬದಲಿಸಲು ಬಗ್ಗಿದಾಗ ಶಂಕ್ರೆವ್ವನ ಕಣ್ಣಿಗೆ ಆ ಕೆಂಪು ಬಿತ್ತು.

"ಇದೇನಿದು? ನಮ್ಮವ್ವಗ ಏನು ಮಾಡೀಯೇ ಅತ್ತಿಗೆವ್ವಾ?"

"ಶಂಕ್ರವ್ವಾ, ಹಂಗಲ್ಲ..."

"ಹೆಂಗಲ್ಲ? ರೊಟ್ಟಿ ಹೊಳ್ಳಿಸಿದಂಗ ಹೊಳ್ಳಸಾಕ ಹತ್ತೀಯಲ್ಲ! ಅಲ್ಲಾಡಿಸಿ ಅಲ್ಲಾಡಿಸಿ ಜೀವಾ ತಗೀಬೇಕಂತ ಮಾಡೀಯೇನು? ಆರಾಮ ಇದ್ದಾಗ ಆಕಿ ನಿನ್ನ ಮೈ ಮುಟ್ಟಗೊಡಲಿಲ್ಲಂತ ಈಗ ಸಿಟ್ಟು ತೀರಿಸ್ಕೊಂತಿ?"

ಸುಮಿತ್ರವ್ವನ ಕೈ ಅತ್ತೆಯ ಭುಜದಡಿಯಿಂದ ತಾನಾಗಿಯೇ ಹಿಂದೆ ಬಂತು.

ಶಂಕ್ರೆವ್ವ ಅವ್ವನನ್ನು ಅಂಗಾತ ಮಲಗಿಸಿ, ಹೊದಿಕೆಯನ್ನು ಕತ್ತಿನವರೆಗೆ ಎಳೆದು, "ತಣ್ಣಗ ಮಲಗಲಿ ನಮ್ಮವ್ವ. ಯಾರೂ ಮುಟ್ಟಬ್ಯಾಡ್ರಿ," ಎಂದು ಮಂಚದ ಪಕ್ಕ ಸ್ಟೂಲು ಹಾಕಿ ಕೂತಳು.

ಸುಮಿತ್ರವ್ವ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ನಾದಿನಿಯ ಮಾತು ಪೂರ್ತಿ ಸುಳ್ಳು ಎಂದು ಅವಳಿಗೇ ಅನ್ನಿಸಲಿಲ್ಲ. ಸಿಟ್ಟೇನೂ ಇರಲಿಲ್ಲ. ಆದರೆ ಮೊದಲ ದಿನ ಆ ಮೈ ತನ್ನ ಕೈಗೆ ಬಂದಾಗ ಒಳಗೆಲ್ಲೋ ಒಂದು ಸಣ್ಣ ತೃಪ್ತಿ ಮಿಸುಕಿತ್ತಲ್ಲ? ಈಗ ಬೇಡ ಅನ್ನು ನೋಡೋಣ, ಎಂಬಂಥದ್ದು. ಅದು ಒಂದು ಗಳಿಗೆಯದು, ಮರುಗಳಿಗೆಯೇ ಸತ್ತಿತ್ತು. ಆದರೂ ಇತ್ತು. ಹಸಿ ಧೋತರ ಹಾಸಿದ್ದು ಆ ತೃಪ್ತಿಯ ಕೈಯೋ, ತನ್ನ ಕೈಯೋ? ಹೀಗೆ ಯೋಚಿಸುತ್ತ ಅವಳು ಎದ್ದು ಹೋಗಿ ಹೊರಳಿಸುವ ಧೈರ್ಯವನ್ನೇ ಕಳೆದುಕೊಂಡಳು. ಆ ಅಡಿಕೆಯಷ್ಟು ಕೆಂಪು ಈಗ ಪೂರ್ತಿ ಮೈಭಾರದ ಅಡಿಯಲ್ಲಿದೆ ಎಂಬುದು ಮಾತ್ರ ಮರೆಯಲಿಲ್ಲ. ಉಸಿರಾಡಿದಾಗೆಲ್ಲ ಅದು ನೆನಪಾಗುತ್ತಿತ್ತು.

ಊಟಕ್ಕೆ ಹೋಗಿದ್ದ ತುಳಸಾಬಾಯಿ ಬಂದು ನೋಡಿದಳು. ಕೂಗಾಡಲಿಲ್ಲ. ಶಂಕ್ರೆವ್ವನ ಎದುರು ನಿಂತು, "ನೀವು ಮಗಳೇನ್ರಿ? ಛಲೋ ಆತು ಬಂದ್ರಿ. ಒಂದು ಕೆಲಸ ಮಾಡ್ರಿ. ನಾ ಈ ಮೂರೂ ಮಂಚಕ್ಕ ಔಷಧ ಕೊಟ್ಟು ಬರೂತನಕ ಈ ಸ್ಟೂಲಿನ ಮ್ಯಾಲ ಅಲ್ಲಾಡದಂಗ ಕೂಡ್ರಬೇಕು. ಕಾಲು ಅಲ್ಲೇ, ಕೈ ಅಲ್ಲೇ, ಸೊಂಟ ಅಲ್ಲೇ," ಎಂದಳು.

"ಯಾಕ್ರಿ?"

"ಕೂಡ್ರಿ. ಆಮ್ಯಾಲ ಬಯ್ಯೂದಿದ್ರ ನನ್ನನ್ನ ಬಯ್ರಿ."

ಶಂಕ್ರೆವ್ವ ಹಟದಿಂದ ಕೂತಳು. ತುಳಸಾಬಾಯಿ ಮೊದಲ ಮಂಚ ಮುಗಿಸಿ ಎರಡನೆಯದಕ್ಕೆ ಹೋಗುವಷ್ಟರಲ್ಲಿ ಶಂಕ್ರೆವ್ವ ಎಡಗಾಲನ್ನು ಮುಂದೆ ಚಾಚಿದ್ದಳು. ಆಮೇಲೆ ಒಂದು ಮಗ್ಗುಲಿಗೆ ವಾಲಿದಳು. ಸೀರೆ ಸರಿ ಮಾಡಿಕೊಂಡಂತೆ ಮಾಡಿ ಸ್ವಲ್ಪ ಎದ್ದು ಕೂತಳು.

"ಮೂರು ಸಲ," ಎಂದಳು ತುಳಸಾಬಾಯಿ, ಹಿಂತಿರುಗಿಯೂ ನೋಡದೆ, ಸ್ಟೂಲಿನ ಸಪ್ಪಳ ಎಣಿಸಿದವಳಂತೆ. "ಯಾರರ ಹೊಳ್ಳು ಅಂದ್ರೇನ್ರಿ ನಿಮಗ?"

ಪಕ್ಕದ ಮಂಚದ ರೋಗಿಯ ಮಗಳು ಕಿಸಕ್ಕನೆ ನಕ್ಕಳು. ಶಂಕ್ರೆವ್ವನ ಮುಖ ಕೆಂಪಾಯಿತು. "ನಾನೇನು ಬೇಕಂತ ಮಾಡಿಲ್ರಿ. ಜೋಮು ಹಿಡೀತು, ಹೊಳ್ಳಿದೆ."

"ಹೂಂ. ಜೋಮು ಹಿಡದಿದ್ದು ನಿಮಗ ಒಳಗ ಯಾರೋ ಹೇಳಿದ್ರು. ನಿದ್ದ್ಯಾಗಿದ್ರೂ ಹೇಳ್ತಾರ, ಹೊಳ್ಳತೀರಿ. ನಿಮ್ಮವ್ವಗ ಹಂಗ ಹೇಳೋರು ಈಗ ಸುಮ್ಮನಾಗ್ಯಾರ. ಜೋಮು ಹಿಡದರೂ ಖಬರಿಲ್ಲ, ಸುಟ್ಟರೂ ಖಬರಿಲ್ಲ. ಅದಕ್ಕ ಹೊರಗಿನವರು ಹೇಳಬೇಕು. ನಿಮ್ಮ ಅತ್ತಿಗಿ ಮೂರು ದಿನದಿಂದ ಅದನ್ನ ಮಾಡ್ಯಾಳ, ಕಣ್ಣಿಗೆ ಕಣ್ಣು ಹಚ್ಚದ."

ಆಗ ಸುಮಿತ್ರವ್ವ ಗೋಡೆ ಬಿಟ್ಟು ಎದ್ದಳು. ಯಾರೂ ಕೇಳದಿದ್ದರೂ ಹೇಳಿಬಿಟ್ಟಳು: "ಆ ಕೆಂಪು ಆಗಿದ್ದು ಹೊಳ್ಳಿಸಿದ್ದಕ್ಕಲ್ಲ ಶಂಕ್ರವ್ವಾ. ನಾ ಹಸಿ ಅರಬಿ ಹಾಸಿದ್ದೆ. ಎಲಿಗೆ ಹಾಸಿದಂಗ. ಸೆಕಿ ಆಕ್ಕೈತಿ ಅಂತ. ತಪ್ಪು ನಂದ."

ಶಂಕ್ರೆವ್ವ ಅತ್ತಿಗೆಯ ಕಡೆ ತಿರುಗಿದಳು. ಅವಳೂ ಎಲೆಯ ಮನೆಯಲ್ಲಿ ಹುಟ್ಟಿದವಳೇ. ಮೂಗು ಒರೆಸಿಕೊಂಡು, "ನಾ ಇದ್ರೂ ಹಸಿ ಅರಬೀನ ಹಾಸತಿದ್ದೆ ಬಿಡು," ಎಂದಳು. "ಹೆಂಗ ಹಿಡೀಬೇಕು, ತೋರಸು."

ಅಲ್ಲಿಂದ ಮಂಚದ ಆಚೆಗೊಬ್ಬಳು, ಈಚೆಗೊಬ್ಬಳು. ಒಬ್ಬಳು ಭುಜ ಹಿಡಿದರೆ ಇನ್ನೊಬ್ಬಳು ಸೊಂಟ. ಒಬ್ಬಳು ಮಲಗಿದರೆ ಇನ್ನೊಬ್ಬಳು ಎಚ್ಚರ. ಗಡಿಯಾರ ಓದಲು ಬಾರದ ಸುಮಿತ್ರವ್ವ ಈಗ ತುಳಸಾಬಾಯಿಯ ಕೂಗಿಗೂ ಕಾಯುತ್ತಿರಲಿಲ್ಲ. ಮಂಚದ ಕೆಳಗೆ ಕೂತು ತನ್ನ ಮೈ ಎಷ್ಟು ಸಲ ಹೊರಳಿತು ಎಂದು ಎಣಿಸುವಳು. ಹತ್ತಾಯಿತೆಂದರೆ, "ಏಳ ಶಂಕ್ರವ್ವಾ, ಅವ್ವನ ಪಾಳಿ," ಎನ್ನುವಳು. ತುಳಸಾಬಾಯಿ ಪಡಸಾಲೆಗೆ ಹೋಗಿ ನೋಡಿದರೆ ತಾಸು ಹೆಚ್ಚು ಕಡಿಮೆ ಸರಿಯಾಗಿಯೇ ಇರುತ್ತಿತ್ತು.

"ನಿಮ್ಮ ಹೊಟ್ಟ್ಯಾಗ ಗಡಿಯಾರ ಅದೇನ್ರಿ?" ಎಂದು ತುಳಸಾಬಾಯಿ ನಗುವಳು.

"ಹೊಟ್ಟ್ಯಾಗಲ್ರಿ, ಸೊಂಟದಾಗ," ಎನ್ನುವಳು ಶಂಕ್ರೆವ್ವ.

ಬೆಟಗೇರಿಯಿಂದ ಹೊಸ ಹತ್ತಿ ತರಿಸಿ ಶಂಕ್ರೆವ್ವ ಎರಡು ದಿಂಬು ಹೊಲಿದಳು. ಹಾಸಿಗೆಯ ಮೇಲೆ ರೊಟ್ಟಿಯ ಚೂರಾಗಲಿ, ಬಟ್ಟೆಯ ಮಡಿಕೆಯಾಗಲಿ ಉಳಿಯದಂತೆ ಇಬ್ಬರೂ ಅಂಗೈ ಆಡಿಸಿ ನೋಡುವರು. ಒದ್ದೆಯಾದರೆ ಆ ಕ್ಷಣವೇ ಒರೆಸಿ, ಒಣಗಿಸಿ, ಬೇರೆ ಹಾಸುವರು. ಕೆಲಸದ ನಡುವೆ ಶಂಕ್ರೆವ್ವ ಒಮ್ಮೆ, "ನನಗೂ ಮುಟ್ಟಗೊಡತಿದ್ದಿಲ್ಲ ಆಕಿ," ಎಂದಳು. "ಹಡದ ಮಗಳಿಗೇ. ನಿನಗೊಬ್ಬಾಕಿಗೇ ಅಂತ ತಿಳದಿದ್ದೇನು?" ಸುಮಿತ್ರವ್ವ ಹಾಗೆಯೇ ತಿಳಿದಿದ್ದಳು. ಇಪ್ಪತ್ತಾರು ವರ್ಷ. ದಿಂಬಿನ ಬಾಯಿ ಹೊಲಿಯುತ್ತಿದ್ದ ನಾದಿನಿಯ ಬಗ್ಗಿದ ತಲೆಯನ್ನು ನೋಡುತ್ತ ಅವಳಿಗೆ ಎದೆಯೊಳಗೆ ಏನೋ ಹಗುರಾಯಿತು.

ಕೆಂಪು ಮೊದಲೆರಡು ದಿನ ಹಾಗೆಯೇ ಇತ್ತು. ಮೂರನೆಯ ದಿನ ಅಂಚು ನೀಲಿಗೆ ತಿರುಗಿದಂತೆ ಕಂಡು ಸುಮಿತ್ರವ್ವನಿಗೆ ಊಟ ಸೇರಲಿಲ್ಲ. ತುಳಸಾಬಾಯಿ ದಿನಕ್ಕೆರಡು ಸಲ ಬೆರಳೊತ್ತಿ ನೋಡಿ, ತಲೆಯಲ್ಲಾಡಿಸಿ ಹೋಗುತ್ತಿದ್ದಳು. ಆದರೂ ಆಕೆ ಹೋಗುವಾಗ ಸುಮಿತ್ರವ್ವನ ಭುಜವನ್ನು ಒಮ್ಮೆ ಮುಟ್ಟಿ ಹೋಗುವಳು. ಊಟದ ಹೊತ್ತಿನಲ್ಲಿ, ಡ್ಯೂಟಿ ಮುಗಿದ ಮೇಲೆ, ಹೀಗೆ ಕರೆಯದಿದ್ದರೂ ಒಮ್ಮೆ ಬಂದು ಇಣುಕುವಳು. ಮನೆಯಲ್ಲಿ ಯಾರೂ ಕಾಯುವವರಿಲ್ಲದ ಹೆಂಗಸಿಗೆ ಈ ನಾಲ್ಕು ಮಂಚಗಳ ಮೇಲೆ ಇಷ್ಟು ಜೀವ ಎಲ್ಲಿಂದ ಬರುತ್ತದೆ ಎಂದು ಸುಮಿತ್ರವ್ವ ಬೆರಗಾಗುತ್ತಿದ್ದಳು. ಹಡೆದವರಿಗಲ್ಲ, ತವರಿಗಲ್ಲ, ಹೆಸರೂ ತಿಳಿಯದವರ ಹಿಮ್ಮಡಿಗಳಿಗೆ.

ನವೆಂಬರ್ ಒಂದರ ಬೆಳಿಗ್ಗೆ ಬೀದಿಯಲ್ಲಿ ಬಾಜಾ ಭಜಂತ್ರಿ, ಜೈಕಾರ. ಕನ್ನಡದ ಸೀಮೆಗಳೆಲ್ಲ ಅಂದು ಒಂದಾಗಿದ್ದವು. ಹೂವಿನ ಹಾರ ಹಾಕಿಕೊಂಡ ಜನ ದವಾಖಾನೆಯ ಮುಂದೆಯೇ ಸಾಗಿದರು.

"ನಾವೀಗ ಮುಂಬೈದವರಲ್ಲಂತ, ಮೈಸೂರಿನವರಂತ," ಕಿಟಕಿಯಲ್ಲಿ ಇಣುಕಿದ ಶಂಕ್ರೆವ್ವ ಹೇಳಿದಳು.

"ಎದಕ್ಕ ಸೇರಿದ್ರೂ ಮುಂಡರಗಿ ಇದ್ದಲ್ಲೇ ಇರತೈತಿ ತಗೀ. ಬಾ, ಅವ್ವನ ಪಾಳಿ," ಎಂದಳು ಸುಮಿತ್ರವ್ವ.

ತುಳಸಾಬಾಯಿ ಸೆರಗಿಗೆ ಒಂದು ಚೆಂಡುಹೂ ಸಿಕ್ಕಿಸಿಕೊಂಡು ಬಂದಳು. ಯಾರೋ ಕೊಟ್ಟಿರಬೇಕು. ಎಂದಿನಂತೆ ಬಗ್ಗಿ ಬೆರಳೊತ್ತಿದಳು, ತೆಗೆದಳು. ಮತ್ತೆ ಒತ್ತಿದಳು. ಆಮೇಲೆ ಸುಮಿತ್ರವ್ವನ ತೋರುಬೆರಳನ್ನು ಹಿಡಿದು ಆ ಜಾಗದ ಮೇಲಿಟ್ಟು ಒತ್ತಿಸಿದಳು. ಬೆರಳೆತ್ತಿದಾಗ ಅಲ್ಲೊಂದು ಬಿಳಿಯ ಗುರುತು. ನೋಡುತ್ತಿದ್ದಂತೆ ನಾಲ್ಕೂ ಕಡೆಯಿಂದ ಕೆಂಪು ಬಂದು ಅದನ್ನು ತುಂಬಿತು.

"ಬಂತು," ಎಂದಳು ತುಳಸಾಬಾಯಿ.

ಸುಮಿತ್ರವ್ವ ಮತ್ತೊಮ್ಮೆ ಒತ್ತಿದಳು. ಬಿಳಿ, ಆಮೇಲೆ ಕೆಂಪು. ಶಂಕ್ರೆವ್ವ ತಾನೂ ಒತ್ತಿ ನೋಡುತ್ತೇನೆ ಎಂದಳು. "ಸಾಕ್ರಿ, ಎಲ್ಲಾರೂ ಒತ್ತಿ ಒತ್ತಿ ಮತ್ತ ಹುಣ್ಣು ಮಾಡೀರಿ," ಎಂದು ತುಳಸಾಬಾಯಿ ಗದರಿದಳು. ಗದರುವಾಗಲೇ ಆಕೆಯ ಕಣ್ಣು ತುಂಬಿದ್ದನ್ನು ಇಬ್ಬರೂ ಕಂಡರು, ಕಾಣದವರಂತೆ ದಿಂಬು ಸರಿ ಮಾಡಿದರು.

ಮತ್ತೆ ಐದಾರು ದಿನಕ್ಕೆ ಆ ಕೆಂಪು ಪೂರ್ತಿ ಹೋಯಿತು. ಕಸ್ತೂರೆವ್ವನ ಗಂಟಲು ತಾನೇ ನುಂಗಲು ಕಲಿತು, ಮೂಗಿನ ನಳಿಗೆ ಹೊರಬಂತು. ಹೆಸರು ಹಿಡಿದು ಕರೆದರೆ ಕಣ್ಣು ದನಿಯ ಕಡೆ ಹೊರಳುತ್ತಿತ್ತು. ಮಾತಿನ್ನೂ ಇರಲಿಲ್ಲ. ಈಗ ಅಂಗಾತವೂ ಮಲಗಿಸಬಹುದು ಎಂದು ತುಳಸಾಬಾಯಿ ಒಪ್ಪಿಗೆ ಕೊಟ್ಟಿದ್ದಳು.

ಒಂದು ದಿನ ಮಧ್ಯಾಹ್ನ ಅತ್ತೆಯನ್ನು ಅಂಗಾತ ಮಲಗಿಸಿ ಸುಮಿತ್ರವ್ವ ಬಟ್ಟೆ ಒಣಹಾಕಲು ಅಂಗಳಕ್ಕೆ ಹೋದಳು. ತಿರುಗಿ ಬಂದಾಗ ಕಸ್ತೂರೆವ್ವ ಬಲಮಗ್ಗುಲಿಗೆ ವಾಲಿದ್ದಳು. ಬೆನ್ನು ಹಾಸಿಗೆಯಿಂದ ಒಂದು ಗೇಣು ಮೇಲೆದ್ದಿತ್ತು.

ಆಗಷ್ಟೇ ನೀರಿನ ತಂಬಿಗೆ ಹಿಡಿದು ಒಳಬಂದ ಶಂಕ್ರೆವ್ವನಿಗೆ, "ಇನ್ನೂ ಹೊತ್ತಾಗಿದ್ದಿಲ್ಲಲ್ಲ. ಜಲ್ದಿ ಯಾಕ ಹೊಳ್ಳಿಸಿದಿ?" ಎಂದಳು ಸುಮಿತ್ರವ್ವ. "ಅದೂ ಒಬ್ಬಾಕಿನ. ದಿಂಬು ಕೊಟ್ಟಿಲ್ಲ, ಏನಿಲ್ಲ."

"ನಾ ಎಲ್ಲಿ ಹೊಳ್ಳಿಸಿದೆ? ನೀರಿಗೆ ಹೋಗಿದ್ದೆ. ನೀ ಅಲ್ಲೇನು?"

"ನಾ ಅಲ್ಲ."

"ಮತ್ತ ಬಾಯಾರು?"

ತುಳಸಾಬಾಯಿ ಮೂರನೆಯ ಮಂಚದ ಅಜ್ಜನಿಗೆ ಗಂಜಿ ಕುಡಿಸುತ್ತ ತಲೆಯಲ್ಲಾಡಿಸಿದಳು. "ನಾ ಇಲ್ಲೇ ಇದ್ದೀನಿ."

ಮೂವರೂ ಮಂಚದ ಕಡೆ ನೋಡಿದರು. ಕಸ್ತೂರೆವ್ವನ ಎಡಗೈ ಎದೆಯ ಮೇಲಿಂದ ಅಡ್ಡ ಹಾಯ್ದು ಬಲಗಡೆಯ ಕಬ್ಬಿಣದ ಪಟ್ಟಿಯನ್ನು ಹಿಡಿದಿತ್ತು. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ತೋಳು ನಡುಗುತ್ತಿತ್ತು. ಕಣ್ಣು ತೆರೆದಿತ್ತು. ಮುಖದಲ್ಲಿ ಬೆವರು, ಜೊತೆಗೆ ಹಳೆಯ ಹಟ.

ಸುಮಿತ್ರವ್ವ ಓಡಿ ಹೋಗಿ ಎರಡೂ ಅಂಗೈಗಳನ್ನು ಆ ಬೆನ್ನಡಿ ಇಟ್ಟಳು. ಎತ್ತಲಿಲ್ಲ, ತಳ್ಳಲಿಲ್ಲ. ಕೈ ಜಾರಿದರೆ ಬೀಳದಿರಲಿ ಎಂದಷ್ಟೇ ಇಟ್ಟಳು. ಇಷ್ಟು ದಿನ ಕಲ್ಲಿನಂತೆ ಕೈಗೆ ಬರುತ್ತಿದ್ದ ಭಾರದಲ್ಲಿ ಈಗ ಅರ್ಧ ಮಾತ್ರ ತನ್ನ ಪಾಲಿಗೆ ಬಂದಿತ್ತು. ಉಳಿದರ್ಧವನ್ನು ಅತ್ತೆ ತಾನೇ ಹೊತ್ತಿದ್ದಳು.

"ಹೊಳ್ರಿ ಅತ್ತಿ," ಎಂದಳು ಸುಮಿತ್ರವ್ವ. "ಸಾವಕಾಶ ಹೊಳ್ರಿ. ನಾ ಹಿಡದೀನಿ."